ಜೋಳದ ರೊಟ್ಟಿಯಲ್ಲಿನ ಸತುವನ್ನು ಜೀವಕೋಶ ಎಲ್ಲಿ ಕೂಡಿಡುತ್ತದೆ, ಯಾತಕ್ಕೆ ಬಳಸುತ್ತದೆ?

ಸತುವಿಗೆ, ಅಂದರೆ ಜಿಂಕ್‌ಗೆ, ಕಬ್ಬಿಣಕ್ಕಿರುವಂಥ ದೊಡ್ಡ ಉಗ್ರಾಣ ನಮ್ಮ ಮೈಯಲ್ಲಿಲ್ಲ. ಒಟ್ಟು ಇರುವುದೇ 2ರಿಂದ 3 ಗ್ರಾಂ, ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡೇ ಇರುತ್ತದೆ. ಬಿಡಿಯಾಗಿ ಓಡಾಡಲು ಬಿಟ್ಟರೆ ತನಗೆ ಸಂಬಂಧವಿಲ್ಲದ ಕಿಣ್ವಗಳಿಗೂ ಕಚ್ಚಿಕೊಂಡು ಕೆಲಸ ಕೆಡಿಸುತ್ತದೆ. ಅದಕ್ಕೇ ಮೆಟಲೋಥಯೋನಿನ್ ಎಂಬ ಪುಟ್ಟ ಪ್ರೋಟೀನು ಹೆಚ್ಚಾದದ್ದನ್ನು ಹಿಡಿದಿಡುತ್ತದೆ. ಒಂದೊಂದು 7 ಸತುವಿನ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳನ್ನು, ಹಿಡಿಯಬಲ್ಲದು.

ವಿಶೇಷ ಕೆಲಸಕ್ಕೆ ಬೇಕಾದ ಸತು ಮಾತ್ರ ಪೊರೆಯ ಚೀಲಗಳಿಗೆ ಹೋಗುತ್ತದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶ ನೋಡಿ: ಅಲ್ಲಿ ಝಡ್‌ಎನ್‌ಟಿ8 ಎಂಬ ಸಾಗಣೆ ಪ್ರೋಟೀನು ಸತುವನ್ನು ಇನ್ಸುಲಿನ್ ಚೀಲದೊಳಕ್ಕೆ ತಳ್ಳುತ್ತದೆ. 2 ಸತು ಅಯಾನುಗಳ ಸುತ್ತ 6 ಇನ್ಸುಲಿನ್ ಅಣುಗಳು ಗುಂಪುಗೂಡಿ ಹರಳುಗಟ್ಟುತ್ತವೆ. ಸ್ವಲ್ಪ ಜಾಗದಲ್ಲಿ ಬಹಳ ದಾಸ್ತಾನು! ಉಂಡ ಮೇಲೆ ಚೀಲ ರಕ್ತದ ಕಡೆ ಬಾಯಿ ತೆರೆದಾಗ ಚೀಲದೊಳಗಿದ್ದ ಹುಳಿ (ಆಮ್ಲೀಯ) ವಾತಾವರಣ ಹೋಗಿ, ಸತು ತೆಳುವಾಗಿ ಹರಡಿ, ಗುಂಪು ಒಡೆಯುತ್ತದೆ. ಕೆಲಸ ಮಾಡುವುದು ಹೀಗೆ ಬಿಡಿಯಾದ ಇನ್ಸುಲಿನ್ನೇ.

ಇನ್ನು ರೊಟ್ಟಿ. ವಿಜಯಪುರದ ಬಿಳಿಜೋಳದಲ್ಲೂ ಸತು ಉಂಟು, ಆದರೆ ಜೋಳದಲ್ಲಿನ ಫೈಟಿಕ್ ಆಮ್ಲ (ಕಾಳುಗಳು ರಂಜಕವನ್ನು ಕೂಡಿಡುವ ರೂಪ) ಸತುವನ್ನು ಕಟ್ಟಿಹಾಕುವುದರಿಂದ ಕರುಳಿಗೆ ದಕ್ಕುವುದು ಕಡಿಮೆ. ಜೊತೆಗಿನ ಉಸಳಿಗೆ ಮಡಕಿ ಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿದರೆ ಕಾಳಿನ ಕಿಣ್ವವೇ ಅದರಲ್ಲಿನ ಫೈಟಿಕ್ ಆಮ್ಲವನ್ನು ಒಂದಿಷ್ಟು ಮುರಿದಿರುತ್ತದೆ.