ಸಾವು ಇಳಿದಿತ್ತು, ದಡಾರ ಇಳಿದಿರಲಿಲ್ಲ

ಪ್ರಶ್ನೆ: ಇಂಗ್ಲೆಂಡಿನಲ್ಲಿ ಲಸಿಕೆ ಬರುವ ಎಷ್ಟೋ ಮೊದಲೇ ದಡಾರದ ಸಾವು ಇಳಿದಿತ್ತೆಂದು ತೋರಿಸುವ ಗ್ರಾಫ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಹಾಗಾದರೆ ಮಗುವಿಗೆ ಲಸಿಕೆ ಏಕೆ?

ಉತ್ತರ: ಇದೇ ಗ್ರಾಫನ್ನು ಓದುಗರು ಮತ್ತೆ ಮತ್ತೆ ಕಳುಹಿಸುತ್ತಿರುವುದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ. ಸಾವು ಇಳಿದದ್ದು ನಿಜ. 1894ರ ಕಾಯ್ದೆಯಿಂದ ಅಲ್ಲಿ ರೂಪುಗೊಂಡ ‘ಅರ್ಬನ್ ಡಿಸ್ಟ್ರಿಕ್ಟ್’ ಎಂಬ ಪಟ್ಟಣ ಆಡಳಿತಗಳ ಆರೋಗ್ಯಾಧಿಕಾರಿಗಳು ವರ್ಷಕ್ಕೊಮ್ಮೆ ಒಪ್ಪಿಸುತ್ತಿದ್ದ ವರದಿಗಳನ್ನು ಓದಿದರೆ, ಜನ ಹೆದರಿ ನಡುಗುತ್ತಿದ್ದ ಸಿಡುಬಿಗಿಂತ ದಡಾರ, ನಾಯಿಕೆಮ್ಮು ಮತ್ತು ಬೇಸಿಗೆಯ ಭೇದಿಯೇ ಹೆಚ್ಚು ಮಕ್ಕಳನ್ನು ಕೊಂಡೊಯ್ದದ್ದು ಕಾಣುತ್ತದೆ. ಕಡುಬೇಸಿಗೆಯ 1911ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಿಗೆ ಸುಮಾರು 130 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ಕುದುರೆ ಲದ್ದಿಯ ಮೇಲೆ ಹುಟ್ಟಿದ ನೊಣ, ಕೆಟ್ಟ ಹಾಲು, ಒಳಗೆ ತೊಳೆಯಲಾಗದ ಉದ್ದ ಕೊಳವೆಯ ಹಾಲಿನ ಬಾಟಲಿ, ಕಿಕ್ಕಿರಿದ ಮನೆ: ಇವು ಸರಿಹೋದಂತೆ, ಮಕ್ಕಳಿಗೆ ಹೊಟ್ಟೆತುಂಬ ಊಟ ಸಿಕ್ಕಂತೆ ಸಾವು ತಗ್ಗಿತು.

ಆದರೆ ರೋಗ ಹೋಗಲಿಲ್ಲ, ಗ್ರಾಫ್ ಮುಚ್ಚಿಡುವುದು ಇದನ್ನೇ. 1940ರಿಂದ, ಲಸಿಕೆ ಬಂದ 1968ರವರೆಗೆ ಅಲ್ಲಿ ವರ್ಷಕ್ಕೆ 1.6 ಲಕ್ಷದಿಂದ 8 ಲಕ್ಷದಷ್ಟು ದಡಾರದ ಪ್ರಕರಣಗಳು ದಾಖಲಾಗುತ್ತಿದ್ದವು. ನಲ್ಲಿ ನೀರು, ಒಳ್ಳೆಯ ಹಾಲು, ಆಸ್ಪತ್ರೆ ಎಲ್ಲವೂ ಇದ್ದ ಆ ನಾಡಿನಲ್ಲಿ ವರ್ಷಕ್ಕೆ ನೂರರಷ್ಟು ಮಂದಿ ಸಾಯುತ್ತಲೇ ಇದ್ದರು. ಗಂಟಲಮಾರಿಯ (ಡಿಫ್ತೀರಿಯಾ) ಲೆಕ್ಕ ಇನ್ನೂ ಸ್ಪಷ್ಟ. 1940ರಲ್ಲಿ ಬ್ರಿಟನ್ನಿನಲ್ಲಿ 61,000ಕ್ಕೂ ಹೆಚ್ಚು ಪ್ರಕರಣ, 3,283 ಸಾವು. ದೇಶದಾದ್ಯಂತ ಲಸಿಕೆ ಹಾಕಿದ ಮೇಲೆ 1957ರಲ್ಲಿ 38 ಪ್ರಕರಣ, 6 ಸಾವು. ಈ ಹದಿನೇಳು ವರ್ಷಗಳ ಇಳಿತವನ್ನು ಚರಂಡಿಯ ಲೆಕ್ಕಕ್ಕೆ ಬರೆಯುವವರು ಮಕ್ಕಳ ಜೀವದೊಂದಿಗೆ ಆಡುತ್ತಿದ್ದಾರೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆಯನ್ನು ತಡಮಾಡಬೇಡಿ, ಎರಡನೆಯ ಡೋಸನ್ನೂ ತಪ್ಪಿಸಬೇಡಿ.

ಪ್ರಶ್ನೆ: ಸರಾಸರಿ ಆಯಸ್ಸು ಐವತ್ತರ ಆಸುಪಾಸಿನಲ್ಲಿದ್ದ 1911ರ ಸುಮಾರಿನ ಇಂಗ್ಲೆಂಡಿನಲ್ಲಿ ಮುದುಕರೇ ಇರಲಿಲ್ಲವೇ?

ಉತ್ತರ: ಬೇಕಾದಷ್ಟು ಮಂದಿ ಇದ್ದರು, ಸರಾಸರಿಯನ್ನು ಕೆಳಗೆಳೆದದ್ದು ಶಿಶುಗಳ ಸಾವು.

ಪ್ರಶ್ನೆ: ದಡಾರ ಎದ್ದ ಮಗುವಿಗೆ ಬೇವಿನ ನೀರಿನ ಸ್ನಾನ ಸಾಕೇ?

ಉತ್ತರ: ಸಾಲದು, ಉಸಿರು ಏದುತ್ತಿದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಹಲ್ಲು ಬರುವಾಗ ಭೇದಿ ಸಹಜವಲ್ಲವೇ?

ಉತ್ತರ: ಅಲ್ಲ. ಆ ಕಾಲದ ಇಂಗ್ಲೆಂಡಿನ ಮರಣ ದಾಖಲೆಗಳಲ್ಲಿಯೂ ‘ಹಲ್ಲು ಬರುವಿಕೆ’ಯನ್ನು ಸಾವಿನ ಕಾರಣವೆಂದು ಬರೆಯುತ್ತಿದ್ದರು, ಅದಕ್ಕೆಂದು ಮಾರುತ್ತಿದ್ದ ಪುಡಿಗಳಲ್ಲಿ ಪಾದರಸವಿತ್ತು. ಇಂದಿನ ಅಳಲೆಕಾಯಿ ಪಂಡಿತರ ಪುಡಿಯಲ್ಲಿ ಏನಿದೆಯೆಂದು ನಿಮಗೂ ತಿಳಿಯದು. ಓಆರ್‌ಎಸ್ ಕೊಡಿ, ಎದೆಹಾಲು ನಿಲ್ಲಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.