ಮರಗಸಿ ಕೂಲಿ ಬೇರೆ, ಚಿಗುರಿನ ಕೂಲಿ ಒಂದೇ

ಪ್ರಶ್ನೆ: ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಕೆಲಸಕ್ಕಿದ್ದೇನೆ. ಹಣ್ಣು ಕೊಯ್ಯುವಾಗ ಎಲ್ಲರಿಗೂ ಕೆಜಿ ಲೆಕ್ಕ, ತಕರಾರಿಲ್ಲ. ಕೊಯ್ಲು ಮುಗಿದು ದಿನಗೂಲಿ ಶುರುವಾದ ಮೇಲೆ ಚಿಗುರು ತೆಗೆಯಲು, ಗೊಬ್ಬರ ಹಾಕಲು ಒಂದೇ ಸಾಲಿನಲ್ಲಿ ನಿಂತರೂ ಗಂಡಸರಿಗೆ 100 ರೂಪಾಯಿ ಜಾಸ್ತಿ. ರೈಟರನ್ನು (ತೋಟದ ಗುಮಾಸ್ತರನ್ನು) ಕೇಳಿದರೆ ‘ಅವರು ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯಲು) ಹತ್ತುತ್ತಾರೆ, ನೀವು ಹತ್ತುತ್ತೀರಾ?’ ಅನ್ನುತ್ತಾರೆ. ಇದು ಸರಿಯೇ?

ಉತ್ತರ: ಮರ ಹತ್ತಿದ ದಿನದ ಮಟ್ಟಿಗೆ ರೈಟರ್ ಮಾತು ಸರಿ. ನೆರಳಿನ ಮರದ ಕೊಂಬೆಯ ಮೇಲೆ ಕತ್ತಿ ಹಿಡಿದು ನಿಲ್ಲಲು ಬೇರೆಯೇ ಕಸುಬು ಬೇಕು, ಅದರ ಅಪಾಯವೂ ಬೇರೆ. ಅದಕ್ಕೆ ಹೆಚ್ಚು ಕೂಲಿ ಕೊಟ್ಟರೆ ತಾರತಮ್ಯವಲ್ಲ; ಮರ ಹತ್ತುವ ಹೆಂಗಸಿದ್ದರೆ ಅವರಿಗೂ ಅಷ್ಟೇ ಕೊಡಬೇಕು. ಆದರೆ ಚಿಗುರು ತೆಗೆದ ದಿನಕ್ಕೆ ಈ ನೆಪ ನಡೆಯುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ 3ನೇ ಕಲಮು, ಒಬ್ಬರೇ ಮಾಲೀಕರ ಕೈಕೆಳಗೆ ಒಂದೇ ಬಗೆಯ ಕೆಲಸ ಮಾಡುವವರಿಗೆ ಗಂಡು ಹೆಣ್ಣು ಎಂದು ನೋಡಿ ಬೇರೆ ಬೇರೆ ಕೂಲಿ ಕೊಡಬಾರದು ಎನ್ನುತ್ತದೆ. ಇದು ಹೊಸ ಮಾತೇನೂ ಅಲ್ಲ, 1976ರ ಸಮಾನ ವೇತನ ಕಾಯ್ದೆಯಲ್ಲೂ ಇತ್ತು. ಕೆಲಸ ಒಂದೇ ಹೌದೋ ಅಲ್ಲವೋ ಎಂದು ಅಳೆಯುವುದು ಬೇಕಾಗುವ ಕೌಶಲ, ಶ್ರಮ, ಅನುಭವ ಮತ್ತು ಹೊಣೆಯಿಂದ. ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲ.

‘ಹಾಗಾದರೆ ಗಂಡಸರದ್ದೇ ಇಳಿಸುತ್ತೇವೆ’ ಎಂದು ಹೆದರಿಸುವವರೂ ಇದ್ದಾರೆ. ಹೆದರಬೇಡಿ. ಸರಿಸಮ ಮಾಡಲು ಯಾರ ಕೂಲಿಯನ್ನೂ ಇಳಿಸುವಂತಿಲ್ಲ ಎಂದು ಅದೇ ಕಲಮಿನಲ್ಲಿದೆ. ಈ ವರ್ಷ ಕಾಫಿಗೆ ರೇಟಿಲ್ಲ ಎಂಬುದೂ ಉತ್ತರವಾಗದು. ಮಹಿಳಾ ಸ್ಟೆನೋಗ್ರಾಫರ್‌ಗಳ ಪ್ರಕರಣವೊಂದರಲ್ಲಿ, ಸಮಾನ ವೇತನ ಕೊಡುವ ವಿಷಯದಲ್ಲಿ ಮಾಲೀಕರ ಹಣಕಾಸಿನ ಕಷ್ಟ ಗಣನೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ.

ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ‘ನಮಗೆ ಕಡಿಮೆ ಕೊಡುತ್ತಾರೆ’ ಎಂದಷ್ಟೇ ಅರ್ಜಿಯಲ್ಲಿರುತ್ತದೆ. ಆ ಕಡೆಯವರು ಮಸ್ಟರ್ (ಹಾಜರಿ) ಪುಸ್ತಕ ತೆಗೆದು, ಗಂಡಸರ ಹೆಸರಿನ ಮುಂದೆಲ್ಲ ‘ಮರಗಸಿ’ ಎಂದು ಬರೆದದ್ದನ್ನು ತೋರಿಸುತ್ತಾರೆ. ಅದಕ್ಕೆ ಎದುರಾಗಿ ನಿಲ್ಲುವುದು ನಿಮ್ಮದೇ ನೋಟ್‌ಬುಕ್. ಇವತ್ತಿನಿಂದಲೇ ಶುರು ಮಾಡಿ. ದಿನಕ್ಕೊಂದು ಸಾಲು ಸಾಕು: ತಾರೀಖು, ತೋಟದ ಯಾವ ಭಾಗ, ಯಾವ ಕೆಲಸ, ಜೊತೆಗಿದ್ದ ಗಂಡಾಳು ಯಾರು, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಬಿಟ್ಟರು, ಬಟವಾಡೆಯಲ್ಲಿ ಕೈಗೆ ಬಂದದ್ದೆಷ್ಟು. ಅವತ್ತಿನದನ್ನು ಅವತ್ತೇ ಬರೆಯಿರಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ಬರೆದ ಮೂವತ್ತು ಸಾಲನ್ನು ಯಾರೂ ನಂಬುವುದಿಲ್ಲ. ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಕೊಟ್ಟರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಕೊಡದಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ.

ಅರ್ಜಿ ಕೊಡಬೇಕಾದದ್ದು ಕಾರ್ಮಿಕ ಇಲಾಖೆಗೆ. ವ್ಯತ್ಯಾಸವನ್ನು ಲೆಕ್ಕ ಹಾಕಿ ಮೊತ್ತವನ್ನೇ ನಮೂದಿಸಿ. ವರ್ಷದಲ್ಲಿ 120 ದಿನ ಇಂಥ ಕೆಲಸವಾಗಿದ್ದರೆ ಬಾಕಿ 12,000 ರೂಪಾಯಿ. ಇದರ ಮೇಲೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅರ್ಜಿ ವಿಚಾರಿಸುವ ಪ್ರಾಧಿಕಾರಕ್ಕಿದೆ. ಅರ್ಜಿಗೆ ಮೂರು ವರ್ಷದ ಗಡುವಿದೆ. ಬರಬೇಕಾದ ವೇತನ ಕೊಟ್ಟಾಗಿದೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದು, ನಿಮ್ಮದಲ್ಲ. ತೋಟದವರೇ ಕೊಟ್ಟ ಲೈನ್ ಮನೆಯಲ್ಲಿರುವವರಿಗೆ ಒಬ್ಬರೇ ಮುಂದೆ ಬರಲು ಭಯವಿರುತ್ತದೆ, ಅದು ನಿಜವಾದ ಭಯ. ಎಷ್ಟು ಜನರಿದ್ದರೂ ಎಲ್ಲರ ಪರವಾಗಿ ಒಂದೇ ಅರ್ಜಿ ಸಾಕು, ನೋಂದಾಯಿತ ಕಾರ್ಮಿಕ ಸಂಘವೂ ಸಲ್ಲಿಸಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹಾಸನದ ಗಾರ್ಮೆಂಟ್ಸ್ ಕಾರ್ಖಾನೆ ಬಿಟ್ಟು ಒಂದು ತಿಂಗಳಾಯಿತು. ಕೊನೆಯ ಸಂಬಳ ಕೇಳಿದರೆ ‘45 ದಿನ ಆಗಲಿ’ ಎನ್ನುತ್ತಾರೆ.

ಉತ್ತರ: ರಾಜೀನಾಮೆ ಕೊಟ್ಟರೂ, ಅವರೇ ತೆಗೆದರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕಂಪನಿಯ ‘ರೂಲ್ಸ್’ ಇದಕ್ಕಿಂತ ದೊಡ್ಡದಲ್ಲ. ನೀವು ಬಾಯಿಮಾತಿನಲ್ಲಿ ಹೇಳಿ ಬಂದಿದ್ದರೆ ಮಾತ್ರ ತೊಡಕು: ‘ಹೇಳದೆ ಕೇಳದೆ ಓಡಿಹೋದರು’ ಎಂದು ಬರೆದುಕೊಂಡಿರುತ್ತಾರೆ. ಕೆಲಸ ಬಿಟ್ಟ ತಾರೀಖು ಹಾಕಿ, ಬಾಕಿ ಕೇಳಿ ಒಂದು ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಚಿಕ್ಕಮಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಮೂರು ವರ್ಷದಿಂದ ಕೆಲಸ. 40 ಜನ ಇದ್ದೇವೆ. ಐದು ತಿಂಗಳ ಗರ್ಭಿಣಿ. ‘ಈಗ ರಾಜೀನಾಮೆ ಬರೆದುಕೊಡಿ, ಹೆರಿಗೆ ಆದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತೇವೆ’ ಎನ್ನುತ್ತಿದ್ದಾರೆ. ಬರೆದುಕೊಡಲೇ?

ಉತ್ತರ: ದಯವಿಟ್ಟು ಬರೆದುಕೊಡಬೇಡಿ. ಆ ಒಂದು ಸಹಿಯಿಂದ ನಿಮ್ಮ ಹೆರಿಗೆ ರಜೆಯ ಸಂಬಳ ಕೈತಪ್ಪಬಹುದು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮಾತ್ರ 12 ವಾರ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಹಣ ಅಲ್ಲಿಂದಲೇ ಬರುತ್ತದೆ. ರಜೆ ಯಾವತ್ತಿನಿಂದ ಬೇಕು ಎಂದು ಬರೆದು, ವೈದ್ಯರ ಪ್ರಮಾಣಪತ್ರ ಲಗತ್ತಿಸಿ, ಕಚೇರಿಯ ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಪ್ರಶ್ನೆ: ಹೋಮ್‌ಸ್ಟೇಯಲ್ಲಿ ಅಡುಗೆ ಕೆಲಸ. ನಾವು ನಾಲ್ಕೇ ಜನ. ಮಾಲೀಕರೇ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ. ದೂರು ಯಾರಿಗೆ?

ಉತ್ತರ: ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿ ಇರುವುದಿಲ್ಲ, ಮಾಲೀಕರ ಮೇಲೆಯೇ ದೂರಾದರೆ ಅದರಿಂದ ಪ್ರಯೋಜನವೂ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಈ ಎರಡೂ ಸಂದರ್ಭಕ್ಕೆಂದೇ ಪ್ರತಿ ಜಿಲ್ಲೆಯಲ್ಲೂ ಸ್ಥಳೀಯ ಸಮಿತಿ ಇರಬೇಕೆಂದು ಹೇಳಿದೆ. ಅದರ ವಿಳಾಸವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಿ. ತಡವಾಗಲು ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದೂರಿನ ಆರು ಪ್ರತಿ ಬೇಕು, ಸಾಕ್ಷಿಗಳಿದ್ದರೆ ಅವರ ಹೆಸರು ವಿಳಾಸವೂ ಬೇಕು. ನಿಮಗೆ ಬರೆಯಲು ಆಗದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯದೇ ಕೆಲಸ. ಪೊಲೀಸರಿಗೆ ದೂರು ಕೊಡುವ ದಾರಿಯೂ ತೆರೆದೇ ಇದೆ. ಬಂದ ಮೆಸೇಜುಗಳನ್ನು ಮಾತ್ರ ಅಳಿಸಬೇಡಿ, ನೋಡಲು ಎಷ್ಟೇ ಹೇಸಿಗೆಯಾದರೂ.