ಗೊರಕೆ ಕೇಳಿ ಬಾಗಿಲು ಮುಂದೆ ಮಾಡಿದ ಅಮ್ಮ

(ಮನೆಯವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಬದಿಯಡ್ಕ ಕಡೆಯ ಹುಡುಗ. ವಯಸ್ಸು 26. ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚಟ ಹಿಡಿದಿತ್ತು. ಅದು ಸಿಗದ ದಿನ ನೋವಿನ ಮಾತ್ರೆ. ಮನೆಯವರು ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ತಿಂಗಳು ಮುಗಿಸಿ, ಮೈಕೈ ತುಂಬಿಕೊಂಡು ಮನೆಗೆ ಬಂದ. ಅಮ್ಮ ಪಾಯಸ ಮಾಡಿದರು.

ಒಂಬತ್ತನೇ ರಾತ್ರಿ ಅವನ ಕೋಣೆಯಿಂದ ಜೋರು ಗೊರಕೆ ಕೇಳಿಸಿತು. ನಿದ್ದೆಯೇ ಇಲ್ಲದೆ ಒದ್ದಾಡುತ್ತಿದ್ದ ಮಗ, ಈಗಾದರೂ ಮಲಗಲಿ ಎಂದು ಅಮ್ಮ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು. ನೀರು ಕುಡಿಯಲು ಎದ್ದ ಅಕ್ಕನಿಗೆ ಗೊರಕೆಯ ನಡುವೆ ಗೊಳಗೊಳ ಸದ್ದು ಕೇಳಿ ಅನುಮಾನ ಬಂತು. ಲೈಟ್ ಹಾಕಿದರೆ ತುಟಿ ನೇರಳೆ ಹಣ್ಣು ತಿಂದವನ ಹಾಗೆ. ಕರೆದರೆ ಓಗೊಡಲಿಲ್ಲ. ನೆರೆಮನೆಯವರ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಬ್ರೌನ್ ಶುಗರಿನಂಥದ್ದರ ಓವರ್‌ಡೋಸ್ ಇಳಿಸುವ ನಲೊಕ್ಸೋನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ ಸರಿಯಾಯಿತು.

ನಾಲ್ಕು ದಿನ ಬಿಟ್ಟು ಮೂವರೂ ನನ್ನ ಹತ್ತಿರ ಸಲಹೆಗೆ ಬಂದರು. ಅಮ್ಮನದ್ದು ಒಂದೇ ಮಾತು: "ಬಾಗಿಲು ಹಾಕಿದ್ದು ನಾನೇ ಮೇಡಂ."

ಮೊದಲು ಅದನ್ನೇ ಮಾತಾಡಿದೆವು. ಅಂಥ ಗೊರಕೆ ಎಂದರೆ ಉಸಿರಿನ ದಾರಿ ಕಟ್ಟುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಂದ್ರದ ಡಿಸ್ಚಾರ್ಜ್ ಚೀಟಿ ಮಲಯಾಳದಲ್ಲಿತ್ತು. ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಓದಲು ಬಂದಿದ್ದರೂ ಪ್ರಯೋಜನವಿರಲಿಲ್ಲ, ಅದರಲ್ಲಿ ಈ ವಿಷಯವೇ ಇರಲಿಲ್ಲ. "ಇನ್ನು ಮುಟ್ಟಬೇಡ" ಎಂದು ಹೇಳಿ ಕಳಿಸಿದ್ದರು, ಅಷ್ಟೇ. ನನಗೆ ಸಿಟ್ಟು ಬರುವುದು ಇಲ್ಲೇ. ಬಿಟ್ಟು ಹೊರಬಂದ ಮೊದಲ ಕೆಲವು ವಾರಗಳೇ ಜೀವಕ್ಕೆ ಜಾಸ್ತಿ ಅಪಾಯ. ಓವರ್‌ಡೋಸ್ ಮಾತನ್ನು ಚಿಕಿತ್ಸೆಯ ಮೊದಲ ದಿನದಿಂದಲೇ ಆಡಬೇಕು, ಮನೆಯವರನ್ನೂ ಕೂರಿಸಿಕೊಂಡು.

"ಮೊದಲು ತಗೊಳ್ತಿದ್ದಷ್ಟೇ ತಗೊಂಡದ್ದು. ಜಾಸ್ತಿ ಅಲ್ಲ" ಎಂದ ಹುಡುಗ.

"ಒಂದು ತಿಂಗಳು ತೋಟದ ಕೆಲಸ ಬಿಟ್ಟು ಮತ್ತೆ ಹಾರೆ ಹಿಡಿದ್ರೆ ಅಂಗೈಗೆ ಎಂತ ಆಗ್ತದೆ?" ಎಂದು ಕೇಳಿದೆ.

"ಬೊಕ್ಕೆ ಬರ್ತದೆ."

ಇದೂ ಹಾಗೇ. ರೂಢಿ ತಪ್ಪಿದ ಮೈ ಹಳೇ ಅಳತೆಯನ್ನು ತಡೆಯುವುದಿಲ್ಲ. ಮೇಲಿಂದ ಆ ರಾತ್ರಿ ಬಿಯರ್, ನಿದ್ದೆ ಮಾತ್ರೆ ಎರಡೂ ಸೇರಿದ್ದವು. ಮೂರೂ ಉಸಿರನ್ನು ತಗ್ಗಿಸುವಂಥವು.

ಅಕ್ಕ ಕೇಳಿದರು: "ಇದನ್ನೆಲ್ಲ ಕಲಿತ್ರೆ ಮತ್ತೆ ತಗೋ ಅಂತ ನಾವೇ ಹೇಳಿದ ಹಾಗೆ ಆಗುದಿಲ್ವಾ?" ಈ ಪ್ರಶ್ನೆ ಎಲ್ಲ ಮನೆಯವರದ್ದೂ. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹೇಳಿದ: "ಕಲೀರಿ ಅಕ್ಕ. ಆಸೆ ಬಂದಾಗ ನಿಮ್ಮತ್ರ ಹೇಳ್ಲಿಕ್ಕೆ ಹೆದರಿಕೆ ಆಗ್ತದೆ. ಅದಕ್ಕೇ ಬಾಗಿಲು ಹಾಕಿಕೊಂಡು ತಗೊಂಡದ್ದು."

ಅಲ್ಲೇ ಚಾಪೆ ಹಾಸಿದೆ. ಹುಡುಗ ಮಲಗಿದ. ಹೆಸರು ಹಿಡಿದು ಕೂಗಬೇಕು, ಎದೆಮೂಳೆಯ ಮೇಲೆ ಬೆರಳ ಗೆಣ್ಣಿನಿಂದ ಬಲವಾಗಿ ಉಜ್ಜಬೇಕು. ಅಮ್ಮ ಮೊದಲ ಸಲ ಶಾಲೆಗೆ ಎಬ್ಬಿಸುವ ಹಾಗೆ ಮೆಲ್ಲ ತಟ್ಟಿದರು. ಮೂರನೇ ಸಲಕ್ಕೆ ಅವನು "ಅಯ್ಯೋ, ನೋಯ್ತದೆ ಅಮ್ಮ" ಎಂದ. ಅಷ್ಟು ಜೋರು ಬೇಕು. ಆಗಲೂ ಏಳದಿದ್ದರೆ ಕೂಡಲೇ 108ಕ್ಕೆ ಫೋನ್. ಉಸಿರು ನಿಂತಿದ್ದರೆ, ಇಲ್ಲವೇ ಎಷ್ಟೋ ಹೊತ್ತಿಗೊಮ್ಮೆ ಬರುತ್ತಿದ್ದರೆ, ಗದ್ದ ಎತ್ತಿ, ಮೂಗು ಮುಚ್ಚಿ, 5 ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಊದಬೇಕು. ತಾನಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಕೂರಬೇಕು. ಮಜ್ಜಿಗೆ, ಲಿಂಬೆರಸ, ಉಪ್ಪುನೀರು ಏನನ್ನೂ ಬಾಯಿಗೆ ಹೊಯ್ಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ.

ನಲೊಕ್ಸೋನ್ ಮನೆಯಲ್ಲಿಡುವ ಬಗ್ಗೆ ಮನೋವೈದ್ಯರ ಹತ್ತಿರ ಕೇಳಿ ಎಂದೆ. ಕಣ್ಣೆದುರು ಓವರ್‌ಡೋಸ್ ನೋಡಬೇಕಾಗಿ ಬರುವವರ ಕೈಗೆ ಈ ಮದ್ದು ಸಿಗಬೇಕು, ಬಳಸಲು ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ವೈದ್ಯರು ಚೀಟಿ ಬರೆದರು, ಮಾಂಸಖಂಡಕ್ಕೆ ಚುಚ್ಚುವುದನ್ನು ನರ್ಸ್ ಅಕ್ಕನಿಗೆ ಕಲಿಸಿದರು. ಇದರ ಬಲ 30ರಿಂದ 90 ನಿಮಿಷ ಮಾತ್ರ. ಹುಡುಗ ಎದ್ದು ಕೂತು "ಏನಿಲ್ಲ" ಅಂದರೂ ಆಸ್ಪತ್ರೆಗೆ ಹೋಗಲೇಬೇಕು, ಉಸಿರು ಮತ್ತೆ ಇಳಿಯಬಹುದು. ಎಂಡಿಎಂಎಯಂಥ ಬೇರೆ ಜಾತಿಯ ಮಾದಕಕ್ಕೆ ಇದು ಕೆಲಸ ಮಾಡುವುದಿಲ್ಲ.

ಬ್ರೌನ್ ಶುಗರಿನ ಆಸೆ ತಗ್ಗಿಸಲು ವೈದ್ಯರು ಕೊಡುವ ಬುಪ್ರೆನಾರ್ಫಿನ್ ಮಾತ್ರೆಯ ವಿಷಯದಲ್ಲಿ ಅಮ್ಮನಿಗೆ ಮನಸ್ಸಿರಲಿಲ್ಲ. ಒಂದು ಬಿಟ್ಟು ಇನ್ನೊಂದು ಚಟ ಯಾಕೆ ಎಂದರು. ಅವರದ್ದೇ ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸಿದೆ. ವೈದ್ಯರ ಲೆಕ್ಕದಲ್ಲಿ ನಾಲಿಗೆಯಡಿ ಇಡುವ ಈ ಮಾತ್ರೆ ತಡೆಯದೆ ತಗೊಂಡವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಪೊಲೀಸರ ಭಯವೂ ಇತ್ತು. ತಾವಾಗಿ ಚಿಕಿತ್ಸೆಗೆ ಬರುವ ವ್ಯಸನಿಗಳಿಗೆ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯ 64ಎ ಕಲಂನಲ್ಲಿ ರಕ್ಷಣೆ ಇದೆ ಎಂದು ತಿಳಿಸಿದೆ.

ಎಲ್ಲವನ್ನೂ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ, ಕೆಳಗೆ 14446 ವ್ಯಸನಮುಕ್ತಿ ಸಹಾಯವಾಣಿ. ನೆಂಟರು ನೋಡಿದರೆ ಏನಂದಾರು ಎಂದು ಅಮ್ಮ ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದಾರಂತೆ. ಹುಡುಗ ತನ್ನ ಕೋಣೆಯ ಚಿಲಕವನ್ನು ತಾನೇ ಸ್ಕ್ರೂ ಬಿಚ್ಚಿ ತೆಗೆದಿದ್ದಾನೆ. ವಾರಕ್ಕೊಮ್ಮೆ ಮಾತ್ರೆಗೆ ಬರುತ್ತಾನೆ. ಈಚೆಗೆ ಒಂದು ಸಂಜೆ ಆಸೆ ತಡೆಯಲಾಗದೆ ಅಕ್ಕನ ಹತ್ತಿರ ಹೋಗಿ ಕೂತನಂತೆ.